6.4 ಸರಿಯೋ, 8.5 ಸರಿಯೋ? ದಾವಣಗೆರೆಯ ಒಂದು ಸಕ್ಕರೆ ರಿಪೋರ್ಟಿನ ಪ್ರಕರಣ

ಇದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟಿರುವ ಒಬ್ಬರ ಪ್ರಕರಣ. ವಯಸ್ಸು ಐವತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ. ಹೆಸರು, ಗುರುತು ಬಿಟ್ಟಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅವರ ಡಾಕ್ಟರು ನನ್ನ ಸ್ನೇಹಿತರು, ನಾನು ಇದೇ ಊರಿನಲ್ಲಿ ಜೀವರಸಾಯನದ ಲ್ಯಾಬ್ ನೋಡಿಕೊಳ್ಳುವವನು. ಹಾಗಾಗಿ ಇದು ನನ್ನ ಮೇಜಿಗೆ ಬಂತು.

ತೊಂದರೆ ಏನೆಂದರೆ, ಇವರ ಮನೆಯ ಗ್ಲುಕೋಮೀಟರ್ ಒಂದು ಹೇಳುತ್ತಿತ್ತು, ಲ್ಯಾಬ್ ಇನ್ನೊಂದು ಹೇಳುತ್ತಿತ್ತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 150ರಿಂದ 170. ಊಟವಾಗಿ ಎರಡು ಗಂಟೆಗೆ 230, ಒಮ್ಮೊಮ್ಮೆ 260. ಆದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾತ್ರ ಪ್ರತಿ ಸಲ ಆರೂವರೆಯ ಒಳಗೇ. ಕೊನೆಯದು 6.4. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ 7ರ ಒಳಗಿದ್ದರೆ ಸಾಕು ಅನ್ನುತ್ತೇವೆ. 6.4 ಅಂದರೆ ಬೆನ್ನು ತಟ್ಟುವಂಥ ರಿಪೋರ್ಟು. ಅದನ್ನು ನೋಡಿ ಒಂದು ಮಾತ್ರೆಯ ಡೋಸ್ ಕಡಿಮೆಯೂ ಆಗಿತ್ತು. ಮನೆಯವರು ಗ್ಲುಕೋಮೀಟರ್ ಕೆಟ್ಟಿದೆ ಅಂದುಕೊಂಡು ಹೊಸದು ತಂದರು. ಅದೂ ಅದನ್ನೇ ಹೇಳಿತು.

ಆಮೇಲೆ ಬೆಂಗಳೂರಿಗೆ ಮಗನ ಮನೆಗೆ ಹೋದಾಗ ಅಲ್ಲಿನ ಲ್ಯಾಬಿನಲ್ಲಿ ಅದೇ ಪರೀಕ್ಷೆ ಮಾಡಿಸಿದರು. 8.5 ಬಂತು. ದಾವಣಗೆರೆಯ 6.4 ಬಂದು ಇನ್ನೂ ವಾರವೂ ಆಗಿರಲಿಲ್ಲ. ಎರಡೂ ಕಾಗದ ಹಿಡಿದುಕೊಂಡು ಬಂದರು.

"ಡಾಕ್ಟ್ರೇ, ಮೈ ಒಂದೇ, ರಕ್ತ ಒಂದೇ. ವಾರದಾಗ ಎರಡು ಲೆಕ್ಕ ಹೆಂಗ್ ಬರ್ತೈತ್ರೀ? ಇದ್ರಾಗ ಯಾರು ಸುಳ್ಳು ಹೇಳಾಕತ್ತಾರ?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ತೋರಿಸಿಕೊಡಲು ಕೊನೆಗೆ ಅವರ ಹಿಮೋಗ್ಲೋಬಿನ್ನನ್ನೇ ತೂಕಕ್ಕೆ ಹಾಕಬೇಕಾಯಿತು.

ಈ ಪರೀಕ್ಷೆ ಅಳೆಯುವುದು ಏನನ್ನು

ರಕ್ತದಲ್ಲಿ ಸಕ್ಕರೆ ಇದ್ದರೆ ಅದು ಸುಮ್ನೆ ಇರುವುದಿಲ್ಲ, ಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೂ ಅಂಟುತ್ತದೆ. ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ನೂರು ಹಿಮೋಗ್ಲೋಬಿನ್‌ನಲ್ಲಿ ಎಷ್ಟಕ್ಕೆ ಸಕ್ಕರೆ ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಟ್ಟು ನಾಲ್ಕು ಸರಪಳಿ. ಬೀಟಾ ಸರಪಳಿಯ ಮೊದಲ ಅಮೈನೋ ಆಮ್ಲವಾದ ವ್ಯಾಲೀನ್‌ಗೆ ಗ್ಲುಕೋಸ್ ಅಂಟಿದ್ದರೆ ಅದೇ ಎಚ್‌ಬಿಎ1ಸಿ.

ಇದರ ಮಹತ್ವ ತಿಳಿದದ್ದೂ ಒಂದು ತಮಾಷೆಯ ದಾರಿಯಲ್ಲಿ. 1960ರ ದಶಕದ ಕೊನೆಗೆ ಟೆಹರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ಮಾಮೂಲಿಯಲ್ಲದ ಹಿಮೋಗ್ಲೋಬಿನ್‌ಗಳನ್ನು ಹುಡುಕುತ್ತಿದ್ದರು. ಕೆಲವರ ರಕ್ತದಲ್ಲಿ ಬೇರೆ ಥರದ ಒಂದು ಹಿಮೋಗ್ಲೋಬಿನ್ ಪಟ್ಟೆ ಕಂಡಿತು. ವಿಚಾರಿಸಿದರೆ ಅವರೆಲ್ಲ ಸಕ್ಕರೆ ಕಾಯಿಲೆಯವರು. ವಿಚಿತ್ರ ಹಿಮೋಗ್ಲೋಬಿನ್ ಹುಡುಕಲು ಹೋದವರಿಗೆ ಎ1ಸಿ ಸಿಕ್ಕಿತು. ನಮ್ಮ ದಲಾಲರ ಕಥೆ ಇದರ ಉಲ್ಟಾ. ಎ1ಸಿ ನೋಡಲು ಹೋದ ನಮಗೆ ವಿಚಿತ್ರ ಹಿಮೋಗ್ಲೋಬಿನ್ ಸಿಕ್ಕಿತು.

ಎ1ಸಿಯಿಂದ ಸರಾಸರಿ ಗ್ಲುಕೋಸ್ ಲೆಕ್ಕ ಹಾಕಲು ಒಂದು ಸೂತ್ರವಿದೆ. ಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಬೇಕು. 6.4 ಹಾಕಿದರೆ ಸರಾಸರಿ 137 ಬರುತ್ತದೆ. 8.5 ಹಾಕಿದರೆ 197. ಖಾಲಿ ಹೊಟ್ಟೆಯಲ್ಲೇ 150 ದಾಟುವ ಮನುಷ್ಯನಿಗೆ ದಿನದ ಸರಾಸರಿ 137 ಇರುವುದು ಸಾಧ್ಯವೇ ಇಲ್ಲ ಅಲ್ವಾ? ಈ ಒಂದು ಲೆಕ್ಕ ಮೊದಲೇ ಯಾರಾದರೂ ಹಾಕಿದ್ದರೆ ಡೋಸ್ ಇಳಿಯುತ್ತಿರಲಿಲ್ಲ.

ಮಾಮೂಲಿ ಕಾರಣಗಳನ್ನು ಬೇಗ ನೋಡಿ ಮುಗಿಸಿದೆವು. ರಕ್ತಕಣ ಬೇಗ ಬೇಗ ಒಡೆಯುತ್ತಿದ್ದರೆ ಎ1ಸಿ ಕಡಿಮೆ ಕಾಣುತ್ತದೆ. ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಕಿಡ್ನಿ ಕೆಟ್ಟಿದ್ದರೆ ಏರುಪೇರಾಗುತ್ತದೆ. ಇವರಿಗೆ ಅದ್ಯಾವುದೂ ಇರಲಿಲ್ಲ. ಹಿಮೋಗ್ಲೋಬಿನ್ 14, ಕಣದ ಗಾತ್ರ ಸರಿ, ಕಿಡ್ನಿ ಸರಿ. ಫ್ರಕ್ಟೋಸಮೈನ್ ಮಾಡಿಸಿದೆವು. ಅದು ರಕ್ತದ ದ್ರವದಲ್ಲಿರುವ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್ನಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಹಿಮೋಗ್ಲೋಬಿನ್ನಿನ ಗೊಡವೆಯೇ ಇಲ್ಲ. ಸಾಧಾರಣವಾಗಿ 285ರ ಒಳಗಿರಬೇಕು. ಇವರದು 400 ದಾಟಿತ್ತು. ಅಲ್ಲಿಗೆ 6.4 ಬಿದ್ದುಹೋಯಿತು.

ರಿಪೋರ್ಟಿನಲ್ಲಿ ಇಲ್ಲದ ಗ್ರಾಫು

6.4 ಕೊಟ್ಟ ಲ್ಯಾಬಿನಲ್ಲಿ ಇದ್ದದ್ದು ಎಚ್‌ಪಿಎಲ್‌ಸಿ ಯಂತ್ರ. ಒಳ್ಳೆಯ ಯಂತ್ರವೇ. ಬೆಂಗಳೂರಿನ 8.5 ಬಂದದ್ದು ಇಮ್ಯುನೋ ಪರೀಕ್ಷೆಯಲ್ಲಿ, ಅಂದರೆ ಪ್ರತಿಕಾಯದಿಂದ ಎ1ಸಿಯನ್ನು ಹಿಡಿದು ಅಳೆಯುವ ವಿಧಾನದಲ್ಲಿ. ಎರಡೂ ರಿಪೋರ್ಟಿನಲ್ಲಿ ವಿಧಾನದ ಹೆಸರು ಸಣ್ಣ ಅಕ್ಷರದಲ್ಲಿ ಕೆಳಗಿತ್ತು. ಯಾರೂ ಓದಿರಲಿಲ್ಲ.

ಎಚ್‌ಪಿಎಲ್‌ಸಿ ಹಿಮೋಗ್ಲೋಬಿನ್‌ಗಳನ್ನು ವಿದ್ಯುದಂಶದ ಮೇಲೆ ಬೇರ್ಪಡಿಸುತ್ತದೆ. ರಕ್ತದ ದ್ರಾವಣ ಹಾದುಹೋಗುವ ನಳಿಕೆಗೆ ಕಾಲಮ್ಮು ಎನ್ನುತ್ತಾರೆ. ಅದರ ಒಳಗಿನ ವಸ್ತು ಋಣ, ಅದಕ್ಕೆ ಧನ ಅಂಶ ಹೆಚ್ಚಿರುವ ಹಿಮೋಗ್ಲೋಬಿನ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ತಡವಾಗಿ ಹೊರಬರುತ್ತದೆ. ಗ್ಲುಕೋಸ್ ಅಂಟಿದರೆ ಆ ಜಾಗದ ಧನ ಅಂಶ ಕಡಿಮೆಯಾಗುತ್ತದೆ. ಹಾಗಾಗಿ ಎ1ಸಿ ಬೇಗ ಹೊರಬರುತ್ತದೆ. ಯಂತ್ರ ನೋಡುವುದು ಯಾವಾಗ ಹೊರಬಂತು ಎಂಬ ಸಮಯವನ್ನು ಮಾತ್ರ. ಹೊರಬಂದದ್ದು ಯಾವ ಅಣು ಎಂದು ಅದಕ್ಕೆ ಗೊತ್ತಿಲ್ಲ.

ಲ್ಯಾಬಿನವರನ್ನು ಕೇಳಿ ಗ್ರಾಫ್ ತರಿಸಿಕೊಂಡೆ. ಅವರು ಮರುಮಾತಿಲ್ಲದೆ ಕೊಟ್ಟರು. ಮುಖ್ಯ ಶಿಖರದ ಎಡಗಡೆಗೆ ಅಂಟಿಕೊಂಡು ಇನ್ನೊಂದು ದಿಬ್ಬ ನಿಂತಿತ್ತು. ಪಿ3 ಎಂದು ಯಂತ್ರ ಹೆಸರಿಟ್ಟಿರುವ ಜಾಗ ಅದು. ಸಾಮಾನ್ಯವಾಗಿ ಅಲ್ಲಿ ಐದಾರು ಶೇಕಡಕ್ಕಿಂತ ಜಾಸ್ತಿ ಇರುವುದಿಲ್ಲ. ಇವರದು 20 ದಾಟಿತ್ತು. ರೋಗಿಯ ಕೈಗೆ ಹೋಗುವ ಕಾಗದದಲ್ಲಿ ಗ್ರಾಫ್ ಇರಲಿಲ್ಲ, 6.4 ಎಂಬ ಅಂಕಿ ಮಾತ್ರ ಇತ್ತು.

ಈಗ ಲೆಕ್ಕ ಬಿಡಿಸಬಹುದಿತ್ತು. ಇವರಲ್ಲಿ ಎರಡು ಥರದ ಹಿಮೋಗ್ಲೋಬಿನ್ ಇದೆ. ಮುಕ್ಕಾಲು ಭಾಗ ಮಾಮೂಲಿ, ಕಾಲು ಭಾಗ ಬೇರೆ. ಎರಡಕ್ಕೂ ಸಕ್ಕರೆ ಒಂದೇ ಪ್ರಮಾಣದಲ್ಲಿ ಅಂಟುತ್ತದೆ. ಆದರೆ ಬೇರೆಯದಕ್ಕೆ ಸಕ್ಕರೆ ಅಂಟಿದ್ದು ಇನ್ನೂ ಬೇಗ ಹೊರಟುಹೋಗುತ್ತದೆ, ಎ1ಸಿಯ ಲೆಕ್ಕಕ್ಕೆ ಸಿಗುವುದಿಲ್ಲ. ಭಾಗಿಸುವಾಗ ಮಾತ್ರ ಒಟ್ಟು ಹಿಮೋಗ್ಲೋಬಿನ್ನಿನಲ್ಲಿ ಅದೂ ಸೇರಿಕೊಳ್ಳುತ್ತದೆ. 8.5ರ ಮುಕ್ಕಾಲು ಎಷ್ಟು? 6.4. ಯಂತ್ರ ಕೆಟ್ಟಿರಲಿಲ್ಲ, ಹುಡುಗರು ಉದಾಸೀನ ಮಾಡಿರಲಿಲ್ಲ.

ಔಷಧಿ ವಿಷಯಕ್ಕೆ ಇಷ್ಟು ಸಾಕಾಗಿತ್ತು. ಇಮ್ಯುನೋ ವಿಧಾನದಲ್ಲೇ ನೋಡಿಸುತ್ತಾ ಹೋಗಿ, ಡೋಸ್ ಹೆಚ್ಚಿಸಿ ಎಂದು ಹೇಳಿ ಮುಗಿಸಬಹುದಿತ್ತು. ಮುಂದೆ ಹೇಳಲಿರುವ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ಅಣುಗಳ ತೂಕ ನೋಡುವ ವಿಧಾನ, ಇಲ್ಲದಿದ್ದರೆ ಈ ರೋಗಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ ಎಂದು ನಾನು ಬರೆದರೆ ಅದು ಉತ್ಪ್ರೇಕ್ಷೆ.

ಆದರೆ ನಡುವೆ ಇನ್ನೊಂದು ಗೊಂದಲ ಶುರುವಾಯಿತು. ಯಾರೋ ಹೇಳಿದರೆಂದು ಮನೆಯವರು ಬೇರೆ ಕಡೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದರು. ತಂದೆಯ ಜೊತೆಗೆ ಮಗಳದೂ ಆಯಿತು. ಇಬ್ಬರ ರಿಪೋರ್ಟಿನಲ್ಲೂ "ಅಸಹಜ ಹಿಮೋಗ್ಲೋಬಿನ್ ಇದೆ, ತಜ್ಞರನ್ನು ಕಾಣಿ" ಎಂಬ ಒಂದು ಸಾಲು. ಅದರ ಕೆಳಗೆ ಪೆನ್ನಿನಲ್ಲಿ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ವಂಶದಲ್ಲಿ ಬರುವ ರಕ್ತದ ಕಾಯಿಲೆ) ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ. ಮಗಳಿಗೆ ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆತನದಿಂದ ಸಂಬಂಧ ಬಂದಿತ್ತು, ಮಾತುಕತೆ ಅರ್ಧ ಆಗಿತ್ತು. ಆ ಒಂದು ಪ್ರಶ್ನಾರ್ಥಕ ಚಿಹ್ನೆ ಚನ್ನಗಿರಿ ಮುಟ್ಟುವಷ್ಟರಲ್ಲಿ "ಹುಡುಗಿಗೆ ರಕ್ತದ ಕಾಯಿಲೆ ಅಂತೆ" ಎಂದಾಗಿತ್ತು. ಆಗ ಇದು ಏನು ಎಂದು ಹೆಸರಿಟ್ಟು ಹೇಳಲೇಬೇಕಾಯಿತು.

58 ಡಾಲ್ಟನ್

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ರಕ್ತದ ಪ್ರೋಟೀನ್‌ಗಳ ಮೇಲೆ ಮಾಸ್ ಸ್ಪೆಕ್ಟ್ರೋಮೆಟ್ರಿ ಮಾಡುವ ವಿಜ್ಞಾನಿಯೊಬ್ಬರು ನನಗೆ ಪರಿಚಯ. ಮೂಲ ಚಳ್ಳಕೆರೆ ಕಡೆಯವರು. ಹಿಮೋಗ್ಲೋಬಿನ್ನಿನ ರೂಪಾಂತರಗಳೇ ಅವರ ಕೆಲಸ. ಫೋನಿನಲ್ಲಿ ಕಥೆ ಕೇಳಿ ಹೇಳಿದ್ದು ಇಷ್ಟೇ: "ಸರ್, ನೇರಳೆ ಮುಚ್ಚಳದ ಟ್ಯೂಬಲ್ಲಿ ಕಳಿಸಿ, ಐಸ್ ಪ್ಯಾಕ್ ಇಡಿ. ಫ್ರೀಜರಿಗೆ ಮಾತ್ರ ಹಾಕಬೇಡಿ." ಥರ್ಮಾಕೋಲ್ ಡಬ್ಬಿ ರಾತ್ರಿ ಬಸ್ಸಿಗೆ ಹತ್ತಿತು. ಸುಮಾರು 260 ಕಿಲೋಮೀಟರು, ಬೆಳಗಾಗುವಷ್ಟರಲ್ಲಿ ತಲುಪುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಅಣುಗಳ ತೂಕ ನೋಡುವ ಯಂತ್ರ. ಹಿಮೋಗ್ಲೋಬಿನ್‌ನಂಥ ದೊಡ್ಡ ಪ್ರೋಟೀನನ್ನು ಒಡೆಯದೆ ಅದರೊಳಗೆ ಹಾರಿಸುವುದು ಬಹಳ ಕಾಲ ಆಗದ ಕೆಲಸವಾಗಿತ್ತು. ದ್ರಾವಣವನ್ನು ಸಣ್ಣ ಸೂಜಿಯಿಂದ ಸಾವಿರಾರು ವೋಲ್ಟ್ ಕೊಟ್ಟು ಸಿಂಪಡಿಸಿದರೆ ಹನಿ ಒಣಗುತ್ತಾ ಹೋಗಿ ಕೊನೆಗೆ ವಿದ್ಯುದಂಶ ಹೊತ್ತ ಪ್ರೋಟೀನ್ ಮಾತ್ರ ಉಳಿಯುತ್ತದೆ ಎಂದು ಜಾನ್ ಫೆನ್ 1980ರ ದಶಕದಲ್ಲಿ ತೋರಿಸಿದರು. ಲೇಸರ್ ದಾರಿ ಹಿಡಿದ ಜಪಾನಿನ ಕೊಯಿಚಿ ತನಾಕ ಜೊತೆ ಅವರಿಗೆ 2002ರ ರಸಾಯನಶಾಸ್ತ್ರ ನೊಬೆಲಿನಲ್ಲಿ ಪಾಲು ಸಿಕ್ಕಿತು.

ಬೇಕಾದ ರಕ್ತ ಒಂದು ಹನಿಗಿಂತ ಕಡಿಮೆ. ಕಣಗಳನ್ನು ಸಲೈನಿನಲ್ಲಿ ತೊಳೆದು, ನೀರಿನಲ್ಲಿ ಒಡೆದು, ಆಮ್ಲ ಬೆರೆಸಿದ ದ್ರಾವಣಕ್ಕೆ ಹಾಕುತ್ತಾರೆ. ಅಲ್ಲಿ ಕಬ್ಬಿಣವಿರುವ ಹೀಮ್ ಕಳಚಿ ಬೀಳುತ್ತದೆ, ಆಲ್ಫಾ, ಬೀಟಾ ಬೇರೆ ಬೇರೆಯಾಗುತ್ತವೆ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಾಮೂಲಿ ಆಲ್ಫಾ ಸರಪಳಿಯ ತೂಕ 15126 ಡಾಲ್ಟನ್, ಬೀಟಾದು 15867. ಗ್ಲುಕೋಸ್ ಅಂಟಿದರೆ 162 ಸೇರುತ್ತದೆ. ಹಾಗಾಗಿ ಬೀಟಾದ ಪಕ್ಕದಲ್ಲಿ 16029ಕ್ಕೆ ಒಂದು ಸಣ್ಣ ಶಿಖರ ಇದ್ದೇ ಇರುತ್ತದೆ. ಇವರದೂ ಇತ್ತು.

ಅದರ ಜೊತೆಗೆ 15184ಕ್ಕೆ ಒಂದು ಹೊಸ ಶಿಖರ. ಆಲ್ಫಾಗಿಂತ 58 ಜಾಸ್ತಿ. ಎತ್ತರ ಒಟ್ಟು ಆಲ್ಫಾದ ಕಾಲು ಭಾಗದ ಹತ್ತಿರ.

ಈ "ಕಾಲು ಭಾಗ" ಎಂಬುದೇ ಒಂದು ಸುಳಿವು. ಬೀಟಾ ಸರಪಳಿಗೆ ನಮ್ಮಲ್ಲಿ ಎರಡು ಜೀನ್, ಅಪ್ಪನದೊಂದು ಅಮ್ಮನದೊಂದು. ಒಂದು ಬದಲಾದರೆ ಹೆಚ್ಚುಕಡಿಮೆ ಅರ್ಧ ಬದಲಾದಂತೆ. ಆಲ್ಫಾಕ್ಕೆ ನಾಲ್ಕು ಜೀನ್. ಒಂದು ಬದಲಾದರೆ ಕಾಲು. ತೂಕವೂ ಆಲ್ಫಾ ಎನ್ನುತ್ತಿದೆ, ಪಾಲೂ ಆಲ್ಫಾ ಎನ್ನುತ್ತಿದೆ.

ಹಾಗಾದರೆ ಮುಗಿಯಿತಲ್ಲ ಎಂದು ನನಗೆ ಅನಿಸಿತು. ಆ ವಿಜ್ಞಾನಿ ಮುಗಿದಿಲ್ಲ ಎಂದರು. ಈ ಕೆಲಸ ನನಗೆ ಇಷ್ಟವಾದದ್ದೇ ಇಲ್ಲಿಂದ ಮುಂದೆ.

ಮೊದಲನೆಯದು, ಉಪ್ಪು. ಸೋಡಿಯಂ ಅಂಟಿದರೆ ತೂಕ 22 ಏರುತ್ತದೆ, ಪೊಟ್ಯಾಸಿಯಂ ಅಂಟಿದರೆ 38. ಎರಡೂ ಅಂಟಿದರೆ 60. ಹದಿನೈದು ಸಾವಿರದ ತೂಕದಲ್ಲಿ 58, 60 ಅಂಥ ದೂರವಲ್ಲ. ಇದಕ್ಕೆ ಉತ್ತರ ಸುಲಭ. ಉಪ್ಪು ಅಂಟಿದ್ದರೆ ಬೀಟಾಗೂ ಅಂಟಬೇಕಿತ್ತು. ಬೀಟಾದ ಪಕ್ಕ ಆ ಜಾಗ ಖಾಲಿ.

ಎರಡನೆಯದು, ಅಮೈನೋ ಆಮ್ಲಗಳು. ಗ್ಲೈಸೀನ್ ಇರುವಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದರೆ 58 ಏರುತ್ತದೆ. ಅಲನೀನ್ ಇರುವಲ್ಲಿ ಗ್ಲುಟಾಮಿಕ್ ಆಮ್ಲ ಬಂದರೂ ಅಷ್ಟೇ 58. ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಿವೆ, ಅದರಲ್ಲಿ ಗ್ಲೈಸೀನ್, ಅಲನೀನ್ ಬೇಕಾದಷ್ಟಿವೆ. 15ನೇ ಜಾಗದಲ್ಲಿ ಬದಲಾದರೆ ಅದು ಜೆ-ಆಕ್ಸ್‌ಫರ್ಡ್, 57ರಲ್ಲಿ ಆದರೆ ನಾರ್ಫೋಕ್, 120ರಲ್ಲಿ ಆದರೆ ಜೆ-ಮೀರತ್. ಮೂರರ ತೂಕವೂ ಒಂದೇ.

ಮೂರನೆಯದೇ ನಿಜವಾದ ಕಿತಾಪತಿ. ಸಕ್ಕರೆ ಕಾಯಿಲೆಯವರಲ್ಲಿ ಪ್ರೋಟೀನಿಗೆ ಅಂಟಿದ ಗ್ಲುಕೋಸ್ ಕಾಲಕ್ರಮೇಣ ಮುರಿದು, ಲೈಸೀನ್ ಎಂಬ ಅಮೈನೋ ಆಮ್ಲದ ಮೇಲೆ ಕಾರ್ಬಾಕ್ಸಿಮೀಥೈಲ್ ಎಂಬ ತುಂಡನ್ನು ಉಳಿಸಿ ಹೋಗುತ್ತದೆ. ಆ ತುಂಡಿನಿಂದ ಏರುವ ತೂಕ 58.005. ಗ್ಲೈಸೀನ್ ಹೋಗಿ ಆಸ್ಪಾರ್ಟಿಕ್ ಆಮ್ಲ ಬಂದಾಗ ಏರುವುದೂ 58.005. ಅಲನೀನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದಾಗಲೂ ಅದೇ. ಮೂರರಲ್ಲೂ ಸೇರುವುದು ಎರಡು ಇಂಗಾಲ, ಎರಡು ಹೈಡ್ರೋಜನ್, ಎರಡು ಆಮ್ಲಜನಕ. ಎಷ್ಟೇ ದುಬಾರಿ ಯಂತ್ರ ತಂದು ದಶಾಂಶದ ಮುಂದೆ ಎಷ್ಟೇ ಅಂಕಿ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಕಾಯಿಲೆಯಿಂದ ಬಂದದ್ದು. ಮಗಳ ಮದುವೆಯ ಮಾತು ನಿಂತಿರುವಾಗ ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಕಾಲು ಭಾಗದಷ್ಟು ಆಲ್ಫಾಕ್ಕೆ ಹಾಗೆ ಆಗಿ ಬೀಟಾಕ್ಕೆ ಏನೂ ಆಗದಿರುವುದು ಅಸಂಭವ ಎಂದು ನಾನು ವಾದಿಸಿದೆ. ಮಗಳಿಗೆ ಸಕ್ಕರೆ ಕಾಯಿಲೆಯೂ ಇಲ್ಲ. ಅವರೂ ಒಪ್ಪಿದರು. ಆದರೆ ಅಸಂಭವ ಎಂದು ರಿಪೋರ್ಟಿನಲ್ಲಿ ಬರೆಯಲಾಗುವುದಿಲ್ಲ, ಜಾಗ ತೋರಿಸಬೇಕು ಎಂದರು.

ನಮ್ಮ ದಲಾಲರಿಗೆ ಇದನ್ನು ವಿವರಿಸಲು ನಾನು ಒದ್ದಾಡುತ್ತಿದ್ದಾಗ ಅವರೇ ಹೇಳಿದರು: "ಗೊತ್ತಾತು ಬಿಡ್ರೀ. ವೇಬ್ರಿಡ್ಜಿನ ಮ್ಯಾಲ ಲಾರಿ 58 ಕೆಜಿ ಜಾಸ್ತಿ ಬಂತು. ಯಾವ ಚೀಲದಾಗ ಐತಿ ಅಂತ ವೇಬ್ರಿಡ್ಜ್ ಹೇಳಂಗಿಲ್ಲ. ಚೀಲ ಇಳಿಸಿ ಒಂದೊಂದೇ ತೂಗಬೇಕು." ನಾನು ಸಿದ್ಧ ಮಾಡಿಕೊಂಡಿದ್ದ ವಿವರಣೆಗಿಂತ ಇದೇ ಚೆನ್ನಾಗಿತ್ತು.

ಎಲ್ಲಿ ಕತ್ತರಿಸುವುದು

ಪ್ರೋಟೀನನ್ನು ತುಂಡು ಮಾಡಲು ಎಲ್ಲರೂ ಮೊದಲು ಕೈಹಾಕುವುದು ಟ್ರಿಪ್ಸಿನ್ನಿಗೆ. ಲೈಸೀನ್ ಮತ್ತು ಆರ್ಜಿನೀನ್ ಆದಮೇಲೆ ಕತ್ತರಿಸುವ ಕಿಣ್ವ ಅದು. ಸಿಕಲ್ ಸೆಲ್ ಹಿಮೋಗ್ಲೋಬಿನ್ನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ ಎಂದು 1950ರ ದಶಕದಲ್ಲಿ ವರ್ನನ್ ಇಂಗ್ರಾಂ ಕಂಡುಹಿಡಿದದ್ದೂ ಟ್ರಿಪ್ಸಿನ್ ತುಂಡುಗಳನ್ನು ಕಾಗದದ ಮೇಲೆ ಹರಡಿಯೇ.

ಇಲ್ಲಿ ಟ್ರಿಪ್ಸಿನ್ ಹಾಕಿದಾಗ ಆಲ್ಫಾದ ಬೇರೆಲ್ಲ ತುಂಡುಗಳು ಸರಿಯಾಗಿದ್ದವು. 100ರಿಂದ 127ರವರೆಗಿನ ಒಂದು ತುಂಡು ಮಾತ್ರ ಮಸುಕು. ಅದು 28 ಅಮೈನೋ ಆಮ್ಲಗಳ ಉದ್ದದ ತುಂಡು, ಮಾಮೂಲಿ ತೂಕ 2966.6. ನೀರಿಗೆ ಆಗದ ಜಾತಿ, ಕರಗದೆ ಕೂತುಬಿಡುತ್ತದೆ. ಹಿಮೋಗ್ಲೋಬಿನ್ ಮೇಲೆ ಕೆಲಸ ಮಾಡುವವರಿಗೆಲ್ಲ ಇದರ ಕಾಟ ಗೊತ್ತು. ಸಾಲದ್ದಕ್ಕೆ ಅದರಲ್ಲಿ 104ನೇ ಜಾಗದಲ್ಲಿ ಸಿಸ್ಟೀನ್ ಇದೆ. ಸಿಸ್ಟೀನ್‌ಗಳು ಒಂದಕ್ಕೊಂದು ಸೇರಿಕೊಳ್ಳದಂತೆ ತಡೆಯಲು ಲ್ಯಾಬಿನಲ್ಲಿ ಅಯೋಡೋ ಅಸಿಟಮೈಡ್ ಹಾಕುತ್ತಾರೆ. ಅದರಿಂದ ತೂಕ 57 ಏರುತ್ತದೆ. ಅದರ ಬದಲು ಅಯೋಡೋ ಅಸಿಟಿಕ್ ಆಮ್ಲ ಹಾಕಿದರೆ ಏರುವುದು ಸರಿಯಾಗಿ 58! ಹುಡುಕುತ್ತಿರುವುದೇ 58 ಆಗಿರುವಾಗ ಅದನ್ನು ನಾವೇ ಬಾಟಲಿಯಿಂದ ಸುರಿದಂತೆ. ಎಚ್ಚರ ತಪ್ಪುವುದು ಎಷ್ಟು ಸುಲಭ ನೋಡಿ.

ಅವರು ಟ್ರಿಪ್ಸಿನ್ ಬದಿಗಿಟ್ಟು ಗ್ಲು-ಸಿ ಎಂಬ ಇನ್ನೊಂದು ಕಿಣ್ವ ತೆಗೆದುಕೊಂಡರು. ಇದು ಗ್ಲುಟಾಮಿಕ್ ಆಮ್ಲ ಆದಮೇಲೆ ಕತ್ತರಿಸುತ್ತದೆ. ಆಲ್ಫಾದಲ್ಲಿ ಕೊನೆಯ ಗ್ಲುಟಾಮಿಕ್ ಆಮ್ಲ ಇರುವುದು 116ನೇ ಜಾಗದಲ್ಲಿ. ಆದ್ದರಿಂದ 117ರಿಂದ 141ರವರೆಗಿನ ಬಾಲ ಇಡಿಯಾಗಿ ಒಂದೇ ತುಂಡಾಗಿ ಬರಬೇಕು, ತೂಕ 2737.5. ಅದರಲ್ಲಿ ಸಿಸ್ಟೀನ್ ಇಲ್ಲ, ಹಾಗಾಗಿ ಆ ರಾಸಾಯನಿಕಗಳ ಗೋಜೂ ಇಲ್ಲ. ಮುಖ್ಯವಾಗಿ, 120ರಲ್ಲಿರುವ ಅಲನೀನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದಿದ್ದರೆ ಕಿಣ್ವಕ್ಕೆ ಅಲ್ಲೊಂದು ಹೊಸ ಜಾಗ ಸಿಗುತ್ತದೆ. ಬಾಲ ಎರಡಾಗುತ್ತದೆ. 127ರ ಲೈಸೀನ್ ಮೇಲೆ ಕಾರ್ಬಾಕ್ಸಿಮೀಥೈಲ್ ಕೂತಿದ್ದರೆ ಹಾಗೆ ಆಗುವುದಿಲ್ಲ, ತುಂಡು ಒಂದೇ ಉಳಿದು 58 ಮಾತ್ರ ಏರುತ್ತದೆ.

ಬಾಲ ಎರಡಾಗಿತ್ತು. 2737.5ರ ಮಾಮೂಲಿ ತುಂಡಿನ ಜೊತೆಗೆ 2321.3ರ ಒಂದು ತುಂಡು, 492.2ರ ನಾಲ್ಕೇ ಅಮೈನೋ ಆಮ್ಲಗಳ ಒಂದು ಚೂರು. ಯಾವ ಮಾಮೂಲಿ ಆಲ್ಫಾದಿಂದಲೂ ಆ ಎರಡು ತುಂಡು ಹುಟ್ಟಲು ಸಾಧ್ಯವಿಲ್ಲ.

ಮನಸ್ಸಿಗೆ ಸಮಾಧಾನವಾಗಲೆಂದು ಟ್ರಿಪ್ಸಿನ್ನಿನ ಆ ಕರಗದ ತುಂಡನ್ನೂ ಹೇಗೋ ಹಿಡಿದು, ಯಂತ್ರದೊಳಗೆ ಅನಿಲಕ್ಕೆ ಡಿಕ್ಕಿ ಹೊಡೆಸಿ ಪುಡಿ ಮಾಡಿ ಓದಿದರು. ಬಾಲದ ಕಡೆಯಿಂದ ಎಣಿಸುತ್ತಾ ಬಂದರೆ ಏಳು ಅಮೈನೋ ಆಮ್ಲ ಸರಿಯಾಗಿದ್ದವು, ಲೈಸೀನ್ ಸಹ ಶುದ್ಧವಾಗಿತ್ತು. ಎಂಟನೆಯದಕ್ಕೆ 71 ಏರಬೇಕಾದಲ್ಲಿ 129 ಏರಿತು. 71 ಅಲನೀನ್, 129 ಗ್ಲುಟಾಮಿಕ್ ಆಮ್ಲ. ಜಾಗ 120. ಹಿಮೋಗ್ಲೋಬಿನ್ ಜೆ-ಮೀರತ್.

ಹಿಮೋಗ್ಲೋಬಿನ್ ರೂಪಾಂತರಗಳು ಸಾವಿರಕ್ಕೂ ಹೆಚ್ಚು ಇವೆ. ಬಹಳಷ್ಟಕ್ಕೆ ಮೊದಲು ಕಂಡ ಊರಿನ ಹೆಸರೇ ಇಟ್ಟಿದ್ದಾರೆ. ಜೆ ಗುಂಪಿನವು ಎಲೆಕ್ಟ್ರೋಫೊರೆಸಿಸ್‌ನಲ್ಲಿ, ಅಂದರೆ ವಿದ್ಯುತ್ ಹರಿಸಿ ಪ್ರೋಟೀನ್ ಬೇರ್ಪಡಿಸುವಾಗ, ಮಾಮೂಲಿಗಿಂತ ವೇಗವಾಗಿ ಓಡುವಂಥವು. ಜೆ-ಮೀರತ್ ಇದ್ದವರಿಗೆ ಅದರಿಂದ ರಕ್ತಹೀನತೆ ಬರುವುದಿಲ್ಲ, ಕಾಯಿಲೆ ಇಲ್ಲ. ಹೆಚ್ಚಿನವರಿಗೆ ತಮ್ಮಲ್ಲಿ ಇದಿದೆ ಎಂಬುದೇ ಗೊತ್ತಿರುವುದಿಲ್ಲ. ಹೀಗೆ ಎ1ಸಿ ಮಾಡಿಸಿದಾಗಲೋ, ಬಸಿರಿನಲ್ಲಿ ಥಲಸ್ಸೀಮಿಯಾ ಪರೀಕ್ಷೆ ಮಾಡಿಸಿದಾಗಲೋ ಸಿಕ್ಕಿಬೀಳುತ್ತದೆ. "ನಮ್ಮಜ್ಜ ಹರಿಹರ ದಾಟಿದವನಲ್ಲ, ಮೀರತ್ ಎಲ್ಲಿಂದ ಬಂತ್ರೀ" ಎಂದು ನಮ್ಮ ದಲಾಲರು ನಕ್ಕರು. ಅದಕ್ಕೆ ಅಜ್ಜ ಮೀರತ್ತಿಗೆ ಹೋಗಬೇಕಾಗಿಲ್ಲ. ಒಂದೇ ಬದಲಾವಣೆ ಬೇರೆ ಬೇರೆ ಮನೆತನಗಳಲ್ಲಿ ತಾನಾಗಿಯೇ ಹುಟ್ಟಬಹುದು.

ಅದೇ ತುಂಡುಗಳಲ್ಲಿ ಸಿಕ್ಕ ಇನ್ನೊಂದು ಉತ್ತರ

ಗ್ಲು-ಸಿ ಆರಿಸಿಕೊಂಡದ್ದರಿಂದ ಇನ್ನೊಂದು ಲಾಭವಾಯಿತು. ಜಗತ್ತಿನ ಎಲ್ಲ ಎ1ಸಿ ಯಂತ್ರಗಳನ್ನು ತಾಳೆ ನೋಡಲು ಐಎಫ್‌ಸಿಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಒಂದು ಮೂಲ ವಿಧಾನ ಇಟ್ಟಿದೆ, 2002ರಲ್ಲಿ ಪ್ರಕಟವಾದದ್ದು. ಅದರಲ್ಲಿ ಬಳಸುವುದೂ ಇದೇ ಗ್ಲು-ಸಿ. ಬೀಟಾ ಸರಪಳಿಯ ಮೊದಲ ಆರು ಅಮೈನೋ ಆಮ್ಲಗಳ ತುಂಡನ್ನು ಕತ್ತರಿಸಿ, ಸಕ್ಕರೆ ಅಂಟಿದ್ದೆಷ್ಟು, ಅಂಟದ್ದೆಷ್ಟು ಎಂದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡುತ್ತಾರೆ. ಒಂದು ವಿದ್ಯುದಂಶ ಹೊತ್ತಾಗ ಅಂಟದ ತುಂಡು 695.4ರಲ್ಲಿ, ಅಂಟಿದ್ದು 857.4ರಲ್ಲಿ ಕಾಣುತ್ತದೆ. ಇವರ ಬದಲಾವಣೆ ಇರುವುದು ಆಲ್ಫಾದಲ್ಲಿ. ಬೀಟಾದ ತುದಿಗೆ ಅದರ ಸೋಂಕೇ ಇಲ್ಲ. ಬೆಂಗಳೂರಿನ ಇಮ್ಯುನೋ ಪರೀಕ್ಷೆ ಸರಿ ಹೇಳಿದ್ದೂ ಇದಕ್ಕೇ. ಅದರ ಪ್ರತಿಕಾಯ ಹಿಡಿಯುವುದು ಬೀಟಾದ ಆ ತುದಿಯನ್ನೇ.

ಸಂಶೋಧನೆಯ ಲೆಕ್ಕದಲ್ಲಿ, ರಿಪೋರ್ಟಿಗೆ ಹಾಕದೆ, ಅವರು ಆ ಎರಡು ತುಂಡುಗಳನ್ನೂ ಅಳೆದರು. ನೂರಕ್ಕೆ 6.9 ಬಂತು. ಫೋನಿನಲ್ಲಿ ಇದನ್ನು ಕೇಳಿದಾಗ ನಮ್ಮ ಡಾಕ್ಟರಿಗೆ ಗಾಬರಿ, ಮೂರನೇ ಅಂಕಿ ಬಂತಲ್ಲ ಎಂದು. ಅದು ಮೂರನೆಯದಲ್ಲ. ನಾವು ರಿಪೋರ್ಟಿನಲ್ಲಿ ನೋಡುವ ಶೇಕಡ ಹಳೆಯ ಅಳತೆಗೋಲಿನದು. 1993ರಲ್ಲಿ ಫಲಿತಾಂಶ ಪ್ರಕಟಿಸಿದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ ಬಳಸಿದ ಕಾಲಮ್ಮು ಎ1ಸಿಯ ಜೊತೆ ಬೇರೆ ಚಿಲ್ಲರೆಯನ್ನೂ ಎಣಿಸುತ್ತಿತ್ತು. ಡಾಕ್ಟರುಗಳು ಕಲಿತ 7ರ ಗುರಿ ಆ ಅಧ್ಯಯನದಿಂದ ಬಂದದ್ದು, ಅದನ್ನು ಬದಲಿಸಿದರೆ ಗೊಂದಲ. ಹಾಗಾಗಿ ಮೂಲ ವಿಧಾನದ ಅಂಕಿಯನ್ನು ಸಾವಿರದ ಲೆಕ್ಕಕ್ಕೆ ತಂದು, 0.0915ರಿಂದ ಗುಣಿಸಿ, 2.15 ಕೂಡಿಸಿ ಹಳೆಯ ಶೇಕಡಕ್ಕೆ ತರುತ್ತಾರೆ. ನೂರಕ್ಕೆ 6.9 ಅಂದರೆ ಸಾವಿರಕ್ಕೆ 69. ಗುಣಿಸಿ ಕೂಡಿಸಿದರೆ 8.46. ಬೆಂಗಳೂರಿನ ಲ್ಯಾಬು ಹೇಳಿದ್ದು 8.5.

ನನ್ನ ತಕರಾರು ಇರುವುದು ಯಂತ್ರಗಳ ಮೇಲಲ್ಲ, ರಿಪೋರ್ಟಿನ ಕಾಗದದ ಮೇಲೆ. ಎ1ಸಿಯ ಅಂಕಿಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ವಿಧಾನದ ಹೆಸರು ಇರಬೇಕು. ಎಚ್‌ಪಿಎಲ್‌ಸಿ ಆದರೆ ಗ್ರಾಫೂ ಇರಬೇಕು. ಕೆಲವು ಲ್ಯಾಬುಗಳು ಕೊಡುತ್ತವೆ, ಜಾಸ್ತಿ ಜನ ಕೊಡುವುದಿಲ್ಲ. ಕಾಗದ ಉಳಿಸಿ ಏನು ಬಂತು? ಇನ್ನೊಂದು ಮಾತು. ಇದರಿಂದ ಎಚ್‌ಪಿಎಲ್‌ಸಿ ಕೆಟ್ಟದ್ದು, ಇಮ್ಯುನೋ ಒಳ್ಳೆಯದು ಎಂದು ಯಾರೂ ತಿಳಿಯಬಾರದು. ಬದಲಾವಣೆ ಬೀಟಾದ ತುದಿಯಲ್ಲಿ, ಪ್ರತಿಕಾಯ ಹಿಡಿಯುವ ಜಾಗದಲ್ಲೇ ಇದ್ದಿದ್ದರೆ ಇಮ್ಯುನೋ ಪರೀಕ್ಷೆಯೇ ತಪ್ಪಬಹುದಿತ್ತು. ಇಮ್ಯುನೋ ಪರೀಕ್ಷೆಯಲ್ಲಿ ಗ್ರಾಫ್ ಎಂಬುದೇ ಇಲ್ಲ, ರೂಪಾಂತರ ಇದ್ದರೂ ಅದು ಎಂದಿಗೂ ಕಾಣಿಸುವುದಿಲ್ಲ. ಈ ಪ್ರಕರಣದಲ್ಲಿ ಅಂಕಿ ತಪ್ಪು ಕೊಟ್ಟ ಯಂತ್ರವೇ ಕಾರಣವನ್ನೂ ಮೊದಲು ತೋರಿಸಿತ್ತು, ನೋಡುವವರು ಇರಲಿಲ್ಲ ಅಷ್ಟೇ.

ಆಮೇಲೆ

ಮಗಳ ರಕ್ತವನ್ನೂ ಕಳಿಸಿದ್ದೆವು. ಅದೇ 15184, ಅದೇ ಎರಡಾದ ಬಾಲ. ಅವಳ ಹಿಮೋಗ್ಲೋಬಿನ್ ಎ2 ಸರಿ ಇತ್ತು, ಕಣದ ಗಾತ್ರ ಸರಿ ಇತ್ತು. ಬೀಟಾ ಥಲಸ್ಸೀಮಿಯಾದ ಲಕ್ಷಣ ಯಾವುದೂ ಇಲ್ಲ. ಡಾಕ್ಟರು ಅರ್ಧ ಪುಟದಷ್ಟು ಕನ್ನಡದಲ್ಲೇ ಬರೆದುಕೊಟ್ಟರು: ಇದು ಹುಟ್ಟಿನಿಂದ ಬಂದ ಒಂದು ವ್ಯತ್ಯಾಸ, ಕಾಯಿಲೆಯಲ್ಲ, ಚಿಕಿತ್ಸೆ ಬೇಕಾಗಿಲ್ಲ, ಮಕ್ಕಳಿಗೆ ಹೋದರೂ ಹೋಗಬಹುದು, ಹೋದರೂ ಇಷ್ಟೇ. ಕೊನೆಗೆ ಒಂದು ಸಾಲು ಸೇರಿಸಿದರು. ಮದುವೆಗೆ ಮುಂಚೆ ಥಲಸ್ಸೀಮಿಯಾ ಪರೀಕ್ಷೆ ಗಂಡು ಹೆಣ್ಣು ಇಬ್ಬರೂ ಮಾಡಿಸುವುದು ಒಳ್ಳೆಯದು, ಆದ್ದರಿಂದ ಹುಡುಗನದೂ ಆಗಲಿ. ಚನ್ನಗಿರಿಯವರು ಸ್ವಲ್ಪ ದಿನ ಮಾತಾಡಲಿಲ್ಲ. ನಂತರ ಹುಡುಗ ತಾನೇ ಹೋಗಿ ಮಾಡಿಸಿಕೊಂಡು ಬಂದ. ಅವನದೂ ಸರಿ ಇತ್ತು. ನಿಶ್ಚಿತಾರ್ಥ ಆಗಿದೆ.

ತಂದೆಯ ಇಳಿಸಿದ್ದ ಡೋಸನ್ನು ಮತ್ತೆ ಏರಿಸಿ, ಇನ್ನೊಂದು ಮಾತ್ರೆ ಸೇರಿಸಿದ್ದಾರೆ. ಕಣ್ಣಿನ ಪರೀಕ್ಷೆಯಲ್ಲಿ ರೆಟಿನಾದಲ್ಲಿ ಸಕ್ಕರೆಯ ಶುರುವಿನ ಗುರುತು ಕಂಡಿದೆ. 6.4ನ್ನು ನಂಬಿಕೊಂಡಿದ್ದ ದಿನಗಳ ಪಾಲು ಅದರಲ್ಲಿ ಎಷ್ಟು ಎಂದು ಹೇಳಲು ಬರುವುದಿಲ್ಲ. ಚಿಕಿತ್ಸೆಯ ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ: ಹಿಮೋಗ್ಲೋಬಿನ್ ಜೆ-ಮೀರತ್, ಎ1ಸಿಯನ್ನು ಇಮ್ಯುನೋ ಅಥವಾ ಬೋರೊನೇಟ್ (ಅಂಟಿದ ಸಕ್ಕರೆಯನ್ನೇ ಹಿಡಿಯುವ) ವಿಧಾನದಲ್ಲಿ ಮಾತ್ರ ನೋಡುವುದು. ಮೂರು ತಿಂಗಳಾದ ಮೇಲೆ ಇಮ್ಯುನೋ ವಿಧಾನದಲ್ಲೇ ಮತ್ತೆ ನೋಡಿದರು, 7.4 ಬಂದಿದೆ. ಇನ್ನೂ ಇಳಿಯಬೇಕು. ಮುಂದಿನದು ಜೋಳದ ಆವಕ ಕಡಿಮೆಯಾದ ಮೇಲೆ ಮಾಡಿಸುತ್ತೇನೆ ಎಂದಿದ್ದಾರೆ. ಸೀಜನ್ನಿನಲ್ಲಿ ಮಾರುಕಟ್ಟೆಯಲ್ಲೇ ಮಂಡಕ್ಕಿ ಮಿರ್ಚಿ ತಿಂದು ದಿನ ಕಳೆಯುವವರು, ಅದನ್ನು ಬಿಡಿಸುವ ಕೆಲಸ ಡಾಕ್ಟರು ಅವರ ಮನೆಯವರಿಗೆ ವಹಿಸಿದ್ದಾರೆ.